ಕಿಡಿ ಬಾರದ ಬ್ರೆಡ್ ಗಾಡಿ

ಗಾಡಿ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಗುಂಡಿ ಒತ್ತಿದರೆ ಸೆಲ್ಫ್ ಮೋಟರು ಗರ್ರೆನ್ನುತ್ತಿತ್ತು, ಎಂಜಿನ್ ಒಳಗೊಳಗೇ ತಿರುಗುತ್ತಿತ್ತು, ಮುಂದಿನ ದೀಪ ಝಗ್ಗನೆ ಹೊತ್ತಿಕೊಳ್ಳುತ್ತಿತ್ತು. ಅಲ್ಲಿಗೆ ಮುಗಿಯಿತು. ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ.

ಮೇಸ್ತ್ರಿ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್‌ಗೆ ತಾಗಿಸಿ ಹಿಡಿದುಕೊಂಡು, ಹೆಂಡತಿಗೆ ಗುಂಡಿ ಒತ್ತಲು ಹೇಳಿದ. ಅವಳು ಒತ್ತಿದಳು. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡಿದರು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟನೆ ಹಾರಬೇಕಿತ್ತು. ಸಾಸಿವೆ ಕಾಳಿನಷ್ಟೂ ಹಾರಲಿಲ್ಲ.

"ಸ್ಪಾರ್ಕ್ ಇಲ್ಲ," ಎಂದ ಮೇಸ್ತ್ರಿ.

ಅವಳು ಹಿಂತಿರುಗಿ ತನ್ನ ಅಣ್ಣನ ಕಡೆ ನೋಡಿದಳು. ಅಣ್ಣ ಬಾಗಿಲ ಬಳಿ ಕುರ್ಚಿಯಲ್ಲಿ, ಬಲಗಾಲನ್ನು ಇನ್ನೊಂದು ಸ್ಟೂಲಿನ ಮೇಲೆ ನೀಟಾಗಿ ಚಾಚಿಕೊಂಡು ಕುಳಿತಿದ್ದ. ಕೈಯಲ್ಲಿ ಒಂದು ಒರೆಸುವ ಬಟ್ಟೆ, ತೊಡೆಯ ಮೇಲೆ ಮೇಸ್ತ್ರಿಯ ಸ್ಪ್ಯಾನರುಗಳು. ಒಂದೊಂದನ್ನೇ ಎತ್ತಿ ಬೆಳ್ಳಿ ಚಮಚದ ಹಾಗೆ ಉಜ್ಜುತ್ತಿದ್ದ. ಗಾಡಿಯ ಕಡೆ ನೋಡದವನಂತೆ ನಟಿಸುತ್ತಿದ್ದನಾದರೂ ಸೆಲ್ಫ್ ಗರ್ರೆಂದಾಗಲೆಲ್ಲ ಬಟ್ಟೆ ನಿಲ್ಲುತ್ತಿತ್ತು.

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಅವನು ಮೇಸ್ತ್ರಿ, ಅವಳು ಪೇಂಟರಮ್ಮ. ತಗಡಿನ ಶೆಡ್ಡು ಒಂದೇ. ನಡುವೆ ದಪ್ಪ ಪ್ಲಾಸ್ಟಿಕ್ ಪರದೆ. ಪರದೆಯ ಈಚೆ ಅವನ ವೆಲ್ಡಿಂಗು, ಗ್ರೈಂಡರು, ಸುಟ್ಟ ಕಬ್ಬಿಣದ ವಾಸನೆ. ಆಚೆ ಅವಳ ಕಂಪ್ರೆಸರು, ಸ್ಪ್ರೇ ಗನ್ನು, ಥಿನ್ನರು, ಮತ್ತು ಧೂಳು ತಂದವರ ಕಾಲು ಮುರಿಯುತ್ತೇನೆಂಬ ಬೆದರಿಕೆ. ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ, ಮಕ್ಕಳು, ಮಕ್ಕಳ ಜಗಳ. ಬೇರೆಯವರು ಗುಜರಿಗೆ ಹಾಕುವ ಗಾಡಿಗಳನ್ನು ಇವರಿಬ್ಬರೂ ಬಿಚ್ಚಿ, ಬೆಸೆದು, ಬಣ್ಣ ಹೊಡೆದು, ಹೆತ್ತ ಕಂಪನಿಗೂ ಗುರುತು ಸಿಗದ ಹಾಗೆ ಮಾಡಿ ಕಳಿಸುತ್ತಿದ್ದರು.

ಈ ಗಾಡಿ ಮಾತ್ರ ಗಿರಾಕಿಯದಲ್ಲ, ಅಣ್ಣನದು.

ಅಣ್ಣ ಮೀಸೆ ಚಿಗುರುವ ಮೊದಲಿನಿಂದಲೂ ಬೇಕರಿಯ ಬ್ರೆಡ್ ಹಂಚುವವನು. ನಸುಕಿಗೇ ಎದ್ದು ಬಿಸಿ ಬ್ರೆಡ್ಡಿನ ತಟ್ಟೆಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಅಂಗಡಿ, ಆಸ್ಪತ್ರೆ, ಹಾಸ್ಟೆಲು ಎಂದು ಸುತ್ತಿ ಬರುತ್ತಿದ್ದ. ಹೋದ ವರ್ಷ ನೀರಿನ ಟ್ಯಾಂಕು ತೊಳೆಯಲು ಏಣಿ ಹತ್ತಿ ಜಾರಿದ. ಆಪರೇಷನ್ ಆಯಿತು, ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲಿಲ್ಲ. ಕಿಕ್ ಹೊಡೆಯಲಾಗದು, ಕಾಲಲ್ಲಿ ಬ್ರೇಕ್ ಒತ್ತಲಾಗದು. ಒಂಟಿ ಜೀವ, ತಂಗಿ ಹೋಗಿ ಗದರಿಸಿ ತನ್ನ ಮನೆಗೆ ಕರೆತಂದಳು. ಬಂದವನು ಸುಮ್ಮನೆ ಕೂರಲಾರದೆ ಒರೆಸಲು ಶುರುವಿಟ್ಟುಕೊಂಡ. ಪಾತ್ರೆ, ಕಿಟಕಿ, ಮಕ್ಕಳ ಶೂ, ಮೇಸ್ತ್ರಿ ಕಬ್ಬಿಣ ಕಚ್ಚಿಸುವ ವೈಸು, ಯಾವುದನ್ನೂ ಬಿಡಲಿಲ್ಲ. ಮಾವ ಬಂದ ಮೇಲೆ ನಮ್ಮ ಮೂಗು ಕೂಡ ಫಳಫಳ ಅಂತಿದೆ ಎಂದು ಮಕ್ಕಳು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದವು.

ಬೇಕರಿಯಮ್ಮ ಅವನ ಜಾಗಕ್ಕೆ ಯಾರನ್ನೂ ಕಾಯಂ ಮಾಡದೆ ಅವರಿವರನ್ನು ಹಿಡಿದು ಕೆಲಸ ನೂಕುತ್ತಿದ್ದಳು. ಕೊನೆಗೆ ಸಿಕ್ಕ ಹುಡುಗನೂ ಬಿಟ್ಟು ಹೋಗುವವನಿದ್ದ. ವ್ಯಾನ್ ಇಟ್ಟುಕೊಂಡ ಒಬ್ಬ ಬ್ರೆಡ್ ಹಂಚುವ ಆ ದಾರಿ ತನಗೆ ಬೇಕೆಂದು ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಹಾಗಾಗಿ ಅವಳು ಅಣ್ಣನಿಗೆ ನೇರವಾಗಿ ಹೇಳಿಬಿಟ್ಟಿದ್ದಳು: "ಸೋಮವಾರ ಬೆಳಗ್ಗೆ ಗಾಡಿ ತಗೊಂಡು ಬಾ. ಬಂದ್ರೆ ದಾರಿ ನಿಂದು. ನಾನು ಕಾಯ್ತೀನಪ್ಪ, ಬ್ರೆಡ್ ಕಾಯಲ್ಲ."

ಈಗ ಭಾನುವಾರ ಮಧ್ಯಾಹ್ನ.

ಗಾಡಿಯಲ್ಲಿ ಮೇಸ್ತ್ರಿ ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದ. ಒಂದು ಬೈಕಿನ ಎಂಜಿನ್ನು, ಇನ್ನೊಂದರ ಚೌಕಟ್ಟು, ಪಕ್ಕಕ್ಕೊಂದು ಮೂರನೇ ಚಕ್ರ, ಆ ಚಕ್ರದ ಮೇಲೆ ಬ್ರೆಡ್ ತಟ್ಟೆಗಳು ಸೇರುವಂಥ ಪೆಟ್ಟಿಗೆ. ಹಿಂದಿನ ಬ್ರೇಕು ಕೈಗೆ ಬಂದಿತ್ತು. ಬಲಗಾಲು ಚಾಚಿಡಲು ಉದ್ದ ಹಲಗೆ. ನಡುಕ ಕಾಲಿಗೆ ತಾಗಿ ನೋವಾಗಬಾರದೆಂದು ಎಂಜಿನ್ ಕೆಳಗೆಲ್ಲ ರಬ್ಬರು. ಅವಳೂ ಏನೂ ಕಡಿಮೆ ಮಾಡಿರಲಿಲ್ಲ. ತುಕ್ಕು ಉಜ್ಜಿ, ಬೂದು ಪ್ರೈಮರು, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಕಪ್ಪು, ಕಡೆಗೆ ಗಾಜಿನಂಥ ವಾರ್ನಿಷು. ಬಗ್ಗಿ ನೋಡಿದರೆ ಮುಖ ಕಾಣಬೇಕು, ಇದು ಅವಳ ಹಟ. ಗಿರಾಕಿಯ ಗಾಡಿಗೆ ಕಣ್ಣಿಗೆ ಕಾಣುವ ಕಡೆ ಮಾತ್ರ ಅಷ್ಟು ಮುತುವರ್ಜಿ. ಅಣ್ಣನ ಗಾಡಿಗೆ ಇರುವೆ ಮಾತ್ರ ನೋಡಬಹುದಾದ ಸಂದಿಯಲ್ಲೂ ಬಣ್ಣ ಕೂತಿತ್ತು.

ಮೇಸ್ತ್ರಿ ಮೊದಲು ಕೈಹಿಡಿಯಲ್ಲಿದ್ದ ಕೆಂಪು ಸ್ವಿಚ್ಚನ್ನು ನೋಡಿದ. ಎಂಜಿನ್ ಆಫ್ ಮಾಡುವ ಆ ಸ್ವಿಚ್ಚು ಒತ್ತಿಕೊಂಡಿದ್ದರೆ ಕಿಡಿ ಬರುವುದಿಲ್ಲ, ಮತ್ತು ಅದನ್ನು ನೋಡದೆ ಅರ್ಧ ದಿನ ಬೆವರು ಸುರಿಸಿ ನಗೆಪಾಟಲಾಗದ ಮೆಕ್ಯಾನಿಕ್ ಯಾರೂ ಇಲ್ಲ. ಸ್ವಿಚ್ಚು ಸರಿಯಾಗಿತ್ತು. ಆದರೂ ಅನುಮಾನ ಬೇಡವೆಂದು ಅದರ ವೈರನ್ನೇ ಕಳಚಿ ಪಕ್ಕಕ್ಕಿಟ್ಟ. ಕಿಡಿ ಇಲ್ಲ. ಹೊಸ ಪ್ಲಗ್ ತಂದ. ಇಲ್ಲ. ಕ್ಯಾಪು ಬದಲಿಸಿದ, ಅದಕ್ಕೆ ಬರುವ ದಪ್ಪ ವೈರಿನ ತುದಿ ಕತ್ತರಿಸಿ ಹೊಸದಾಗಿ ತಿರುಚಿದ. ಇಲ್ಲ. ಸೀಟಿನ ಕೆಳಗಿನ ಗಂಟುಗಳನ್ನೆಲ್ಲ ಬಿಡಿಸಿ, ಒಂದೊಂದು ವೈರನ್ನೂ ಬೆರಳಲ್ಲಿ ಹಿಡಿದು ಜಪಮಾಲೆಯಂತೆ ಸರಿಸುತ್ತ ಹೋದ. ತಪ್ಪು ತನ್ನದೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ವೈರಿಂಗು ಅವನದು, ಕಿಡಿ ಅವನ ಇಲಾಖೆ.

ಪೇಂಟರಮ್ಮನ ಇಲಾಖೆ ಬೇರೆ. ಅವಳು ಹಳೆಯ ದುಪ್ಪಟಿಯೊಂದನ್ನು ತಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಹೊದಿಸಿದಳು. ಅವನ ಸ್ಕ್ರೂಡ್ರೈವರು ಚೌಕಟ್ಟಿನ ಹತ್ತಿರ ಹೋದಾಗೆಲ್ಲ ಅವಳ ಉಸಿರು ನಿಲ್ಲುತ್ತಿತ್ತು.

"ಗೀರು ಬಿದ್ರೆ ನೋಡಿ ಮತ್ತೆ," ಎಂದಳು.

"ಬಿದ್ದರೆ ನನ್ನ ಮುಖಕ್ಕೆ ಹೊಡಿ ಬಣ್ಣ," ಎಂದ ಅವನು, ತಲೆ ಎತ್ತದೆ.

ಅಣ್ಣ ಕುರ್ಚಿಯಿಂದ ಮೆಲ್ಲಗೆ, ಆಗದಿದ್ದರೆ ಬಿಡಿ ಮೇಸ್ತ್ರಿ, ಕಾಲು ಸರಿ ಇದ್ದವರು ಮಾಡುವ ಕೆಲಸ ಅದು, ವ್ಯಾನಿನವನೇ ಮಾಡಿಕೊಳ್ಳಲಿ ಎಂದ. ಬೇಜಾರಿನಿಂದೇನೂ ಹೇಳಲಿಲ್ಲ, ಮಳೆ ಬರುತ್ತೆ ಅಂತ ಕಾಣತ್ತೆ ಎನ್ನುವ ಧಾಟಿಯಲ್ಲಿ ಹೇಳಿದ. ಆ ಧಾಟಿಯೇ ತಂಗಿಗೆ ತಡೆಯಲಾಗಲಿಲ್ಲ. ಅತ್ತಿದ್ದರೂ, ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ನಾಳೆ ಬೇಕರಿಯ ದಾರಿ ಕೈಬಿಟ್ಟರೆ ಈ ಮನುಷ್ಯ ಉಳಿದ ಆಯಸ್ಸೆಲ್ಲ ಸ್ಪ್ಯಾನರು ಒರೆಸಿಕೊಂಡೇ ಕೂರುತ್ತಾನೆ ಎಂಬುದು ಆ ಕ್ಷಣ ಅವಳಿಗೆ ಖಚಿತವಾಯಿತು.

ಮೇಸ್ತ್ರಿಗೂ ಹಾಗೇ ಅನ್ನಿಸಿರಬೇಕು. ಟ್ಯಾಂಕಿನ ಕೆಳಗೆ ಕೈ ಹಾಕಿ ಕಾಯಿಲ್ ಬಿಚ್ಚಿದ. ಕಾಯಿಲ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಕಪ್ಪು ಗಂಟು. ಪ್ಲಗ್ಗಿಗೆ ಕಿಡಿ ಹಾರಿಸುವಷ್ಟು ಜೋರಾದ ಕರೆಂಟು ಹುಟ್ಟುವುದೇ ಅದರಲ್ಲಿ. ಅದನ್ನು ಸ್ಟೂಲಿನ ಮೇಲಿಟ್ಟು, ಅದರ ಕಬ್ಬಿಣದ ಮೈಗೆ ಒಂದು ತುಂಡು ವೈರು ಕಚ್ಚಿಸಿ, ವೈರಿನ ಇನ್ನೊಂದು ತುದಿಯನ್ನು ಎಂಜಿನ್‌ಗೆ ಕಚ್ಚಿಸಿ, ಒತ್ತು ಎಂದ.

ಚಟ್ ಚಟ್ ಚಟ್. ನೀಲಿ ಕಿಡಿ, ಕಣ್ಣು ಕುಕ್ಕುವಂಥದ್ದು.

ಅಣ್ಣನ ಕೈಯ ಬಟ್ಟೆ ನಿಂತಿತು. ಮೇಸ್ತ್ರಿ ಹಲ್ಲು ಬಿಟ್ಟ. ಬೋಲ್ಟು ಸಡಿಲ ಇದ್ದಿರಬೇಕೆಂದು ಕಾಯಿಲನ್ನು ಚೌಕಟ್ಟಿನ ಜಾಗಕ್ಕೆ ಮತ್ತೆ ಕೂರಿಸಿ, ಬೋಲ್ಟು ಬಿಗಿದು, ತುಂಡು ವೈರನ್ನು ತೆಗೆದಿಟ್ಟು ಒತ್ತಿಸಿದ. ಇಲ್ಲ. ಬಿಚ್ಚಿ ಸ್ಟೂಲಿನ ಮೇಲಿಟ್ಟ. ಚಟ್ ಚಟ್. ಒಳಗೆ ಕೂರಿಸಿದ. ಮೌನ. ಅತ್ತೆಯ ಮನೆಯಲ್ಲಿ ಬಾಯಿಗೆ ಬೀಗ, ಹೊರಗೆ ಬಂದರೆ ಹರಟೆ ಎನ್ನುವ ಸೊಸೆಯ ಹಾಗಾಯಿತು.

ಆಗ ಮೇಸ್ತ್ರಿಯ ಮುಖ ಬದಲಾದದ್ದನ್ನು ಪೇಂಟರಮ್ಮ ನೋಡಿದಳು. ಅವನು ಟೆಸ್ಟರ್ ತೆಗೆದು ಒಂದು ಮೊನೆಯನ್ನು ಕಾಯಿಲಿನ ಮೈಗೂ ಇನ್ನೊಂದನ್ನು ಎಂಜಿನ್‌ಗೂ ತಾಗಿಸಿದ. ದಾರಿ ಕೂಡಿದ್ದರೆ ಟೆಸ್ಟರ್ ಕುಂಯ್ ಎನ್ನಬೇಕು. ಅನ್ನಲಿಲ್ಲ. ಅವನು ಅದನ್ನು ಆಫ್ ಮಾಡಿ ಜೇಬಿಗಿಟ್ಟು, ಕೈ ಒರೆಸಿಕೊಂಡು, ಚಹಾ ಮಾಡಿಕೊಂಡು ಬರುತ್ತೇನೆಂದು ಮಹಡಿ ಹತ್ತಿದ.

ಮದುವೆಯಾದಾಗಿನಿಂದ ಅವನು ಒಲೆ ಹಚ್ಚಿದ್ದು ಅವಳ ಎರಡು ಹೆರಿಗೆಗಳಲ್ಲಿ ಮಾತ್ರ. ಅಪ್ಪ ಅಡುಗೆಮನೆಯಲ್ಲಿ ಏನೋ ಹುಡುಕ್ತಿದ್ದಾರೆ ಎಂದು ಮೇಲಿನಿಂದ ಮಕ್ಕಳು ಸುದ್ದಿ ಬಿತ್ತರಿಸಿದವು. ಏನನ್ನೋ ಮುರಿದಿದ್ದಾನೆ, ಹೇಳಲು ಹೆದರುತ್ತಿದ್ದಾನೆ ಎಂದುಕೊಂಡಳು ಅವಳು.

ಚಹಾ ಬಂತು, ಸಕ್ಕರೆ ಪಾಕದಂತಿತ್ತು. ಮೇಸ್ತ್ರಿಯ ಇನ್ನೊಂದು ಕೈಯಲ್ಲಿ ಉದ್ದನೆಯ ಕಪ್ಪು ವೈರಿನ ಸುರುಳಿ. ಕಾಯಿಲಿನಿಂದ ಎಂಜಿನ್‌ಗೆ ಟ್ಯಾಂಕಿನ ಕೆಳಗೆ ಒಂದು ವೈರು ಎಳೆದುಬಿಟ್ಟರೆ ಮುಗಿಯಿತು, ಯಾರಿಗೂ ಕಾಣುವುದಿಲ್ಲ ಎಂದ. ಮಾತು ಗೋಡೆಯ ಕಡೆಗಿತ್ತು.

ಬೇರೆ ಯಾವ ಗಾಡಿಗೂ ಎಳೆಯದ ವೈರು ಇದಕ್ಕೇಕೆ ಎಂದು ಅವಳು ಕೇಳಿದಳು. ಕರೆಂಟು ವಾಪಸು ಬರುವ ದಾರಿ ಚೌಕಟ್ಟಿನ ಕಬ್ಬಿಣವೇ ಎಂದು ಅವಳಿಗೆ ಕಲಿಸಿದವನು ಅವನೇ. ಕಾಯಿಲ್ ಕೂತಿರುವುದು ಕಬ್ಬಿಣದ ಮೇಲೆಯೇ ತಾನೆ?

ಮೇಸ್ತ್ರಿ ಚಹಾದ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಅದು ಕಬ್ಬಿಣಕ್ಕೆ ತಾಗೇ ಇಲ್ಲ ಕಣೇ. ಮಧ್ಯೆ ನೀನಿದ್ದೀಯ."

ಅರ್ಥವಾಗಲು ಅವಳಿಗೆ ಒಂದು ಗುಟುಕು ಹಿಡಿಯಿತು. ಬಣ್ಣ. ಪ್ರೈಮರು, ಕಪ್ಪು, ಮೇಲೊಂದು ಕಪ್ಪು, ವಾರ್ನಿಷು. ಬೋಲ್ಟಿನ ತೂತಿನ ಅಂಚಿಗೂ ಬಿಡದೆ ತುಂಬಿದ ಬಣ್ಣ. ನೀರು, ಗಾಳಿ ಒಳಗೆ ಹೋಗದ ಹಾಗೆ ಅವಳು ಹೊದಿಸಿದ ಹೊದಿಕೆ ಕರೆಂಟನ್ನೂ ಒಳಗೆ ಬಿಟ್ಟಿರಲಿಲ್ಲ. ಎಂಜಿನ್ ಕೆಳಗೆ ರಬ್ಬರು ಇದ್ದುದರಿಂದ ಆ ಕಡೆಯಿಂದಲೂ ದಾರಿ ಮುಚ್ಚಿತ್ತು. ದೀಪಕ್ಕೂ ಸೆಲ್ಫಿಗೂ ಬೇರೆ ವೈರುಗಳಿದ್ದವು, ಅವು ಕೆಲಸ ಮಾಡಿ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದವು.

ಅವಳ ಕಿವಿ ಬಿಸಿಯಾಯಿತು. "ನೀವು ಕತ್ತರಿ ಗುರುತು ಹಾಕಿರ್ಲಿಲ್ಲ."

"ಹಾಕಿದ್ದೆ."

"ಇರ್ಲೇ ಇಲ್ಲ."

ಕತ್ತರಿ ಗುರುತು ಆ ಶೆಡ್ಡಿನ ಭಾಷೆ. ಒಬ್ಬರ ಗ್ರೈಂಡರು, ಇನ್ನೊಬ್ಬರ ಕಂಪ್ರೆಸರು ಕಿರುಚುವಾಗ ಮಾತು ಕೇಳುವುದಿಲ್ಲವೆಂದು ಅವರು ಸಂಸಾರದ ಆರಂಭದಲ್ಲೇ ಸೀಮೆಸುಣ್ಣದಲ್ಲಿ ಮಾತಾಡಲು ಕಲಿತಿದ್ದರು. ಅವನು ದುಂಡಗೆ ಗೀಚಿದರೆ ಇಲ್ಲಿ ಪುಟ್ಟಿ ತುಂಬು. ಅಡ್ಡಡ್ಡ ಎರಡು ಗೀಟು ಎಳೆದರೆ ಇಲ್ಲಿ ಬಣ್ಣ ಬೇಡ, ಕಬ್ಬಿಣ ಬರಿದಾಗಿರಲಿ. ಅಂಥ ಜಾಗಕ್ಕೆ ಅವಳು ಟೇಪು ಅಂಟಿಸಿ ಬಣ್ಣ ಹೊಡೆಯುತ್ತಿದ್ದಳು. ಒಂದು ಗುರುತೂ ಇಲ್ಲದ ಚೌಕಟ್ಟು ಬಂದಾಗ ಅವಳಿಗೆ ವಿಚಿತ್ರವೆನಿಸಿದ್ದು ನಿಜ. ಈ ಸಲ ಎಲ್ಲಕ್ಕೂ ವೈರೇ ಎಳೆಯುತ್ತಾನೇನೋ ಎಂದುಕೊಂಡಳು, ಕೇಳಲಿಲ್ಲ. ಕೇಳುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. ಅವನೂ ಟೇಪು ಹಾಕಿದ್ದಾಳೆಂದೇ ನಂಬಿ, ಟ್ಯಾಂಕಿನ ಕೆಳಗಿನ ಕತ್ತಲಲ್ಲಿ ಕೈಯಂದಾಜಿನಲ್ಲೇ ಬೋಲ್ಟು ಬಿಗಿದಿದ್ದ.

ಹಾಕಿದ್ದೆ, ಇರಲಿಲ್ಲ ಎಂಬುದು ಇನ್ನೆರಡು ಸುತ್ತು ಬರುವಷ್ಟರಲ್ಲಿ ಕುರ್ಚಿಯ ಕಡೆಯಿಂದ ಕೆಮ್ಮು ಕೇಳಿತು.

"ಸೀಮೆಸುಣ್ಣದ ಗೀಟಾ?" ಎಂದ ಅಣ್ಣ. "ಅದು... ನಾನು ಒರೆಸ್ದೆ."

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಿರುಗಿದರು.

ಮಕ್ಕಳು ಗೀಚಿದ್ದಾರೆಂದುಕೊಂಡನಂತೆ. ಹೊಸ ಗಾಡಿ, ತನ್ನ ಗಾಡಿ, ಅದರ ಮೇಲೆ ಇದೇನು ಕೊಳೆ ಎಂದು ಥಿನ್ನರಿನಲ್ಲಿ ಬಟ್ಟೆ ಅದ್ದಿ, ಚೌಕಟ್ಟನ್ನು ತಲೆಯಿಂದ ಬಾಲದವರೆಗೆ ಉಜ್ಜಿಟ್ಟನಂತೆ. ತಂಗಿ ಬಂದು ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿದ್ದಳಂತೆ. ಅದು ಅವಳಿಗೂ ಈಗ ನೆನಪಾಯಿತು. ಹೇಳುತ್ತ ಹೇಳುತ್ತ ಅಣ್ಣನ ಮುಖ ಹುಳ್ಳಗಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಹಾವು ಕಂಡವನಂತೆ ನೆಲಕ್ಕೆ ಬಿಟ್ಟ.

ಮೊದಲು ನಕ್ಕವಳು ಅವಳೇ. ಆಮೇಲೆ ಮೇಸ್ತ್ರಿ, ಚಹಾ ಚೆಲ್ಲಿಕೊಳ್ಳುವಷ್ಟು. ಅಣ್ಣ ಇಬ್ಬರನ್ನೂ ಪಿಳಿಪಿಳಿ ನೋಡಿ, ಇನ್ನು ಮೇಲೆ ನನ್ನ ಕೈಗೆ ಬಟ್ಟೆ ಕೊಟ್ಟವರಿಗೆ ಒಳ್ಳೆಯದಾಗಲ್ಲ ಎಂದ. ಅವನ ಬಾಯಿಂದ ತಮಾಷೆ ಕೇಳಿ ಎಷ್ಟು ಕಾಲವಾಗಿತ್ತೆಂದು ಅವಳು ಯೋಚಿಸಿದಳು. ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಮೇಸ್ತ್ರಿ ವೈರಿನ ಸುರುಳಿ ಬಿಚ್ಚತೊಡಗಿದ. ನೀನು ಮೈ ಮುರಿದು ಹೊಡೆದ ಬಣ್ಣ, ಅದನ್ನು ಕೆರೆಯಲು ನನ್ನ ಕೈ ಏಳುವುದಿಲ್ಲ, ವೈರು ಸಾಕು ಎಂದ. ಅವಳು ಅವನ ಕಣ್ಣನ್ನೇ ನೋಡುತ್ತ, ವೈರು ಬಾಳಿಕೆ ಬರುತ್ತದೆಯೇ ಎಂದು ಕೇಳಿದಳು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುತ್ತದೆ, ಆದರೆ ಗಲ್ಲಿಗಳ ಕಲ್ಲು ಹಾಸು, ಹಳ್ಳ ದಿಣ್ಣೆ, ದಿನವಿಡೀ ಅಲುಗಾಟ... ಒಂದು ದಿನ ಕಳಚಿಕೊಂಡರೂ ಕಳಚಿಕೊಂಡೀತು ಎಂದ.

ನಸುಕಿನ ಕತ್ತಲಲ್ಲಿ, ಮಡಚದ ಕಾಲು ಇಟ್ಟುಕೊಂಡು, ಟ್ಯಾಂಕಿನ ಕೆಳಗೆ ವೈರು ತಡಕುವ ಅಣ್ಣ ಅವಳ ಕಣ್ಣ ಮುಂದೆ ಬಂದ.

"ಸೀಮೆಸುಣ್ಣ ಎಲ್ಲಿ? ಹಾಕಿ ಕತ್ತರಿ," ಎಂದಳು.

ಫಳಫಳ ಹೊಳೆಯುವ ಕಪ್ಪಿನ ಮೇಲೆ ಅವನು ಅಳುಕುತ್ತಲೇ ಕಾಯಿಲಿನ ಜಾಗಕ್ಕೆ ಒಂದು ಕತ್ತರಿ ಎಳೆದ. ಅವಳು ಸುತ್ತಲೂ ಟೇಪು ಅಂಟಿಸಿ, ಬ್ಲೇಡಿನಲ್ಲಿ ಅಂಚು ಕೊಯ್ದು, ಕೆರೆಯಲು ಕುಳಿತಳು. ಬಣ್ಣ ಬಿಡಲೊಲ್ಲದು. ಗುಳ್ಳೆ ಇಲ್ಲ, ಸಿಪ್ಪೆ ಏಳುತ್ತಿಲ್ಲ, ಉಗುರಿನಷ್ಟು ಜಾಗಕ್ಕೆ ಬೆವರು ಇಳಿಯಿತು. ಸಂಕಟವಾಗಬೇಕಿದ್ದ ಹೊತ್ತಿನಲ್ಲಿ ಅವಳಿಗೆ ಜಂಬ ಬಂತು.

"ನೋಡಿ, ಹೇಗೆ ಕಚ್ಚಿಕೊಂಡಿದೆ," ಎಂದಳು.

"ಅದೇ ತಾನೆ ಬೆಳಗ್ಗಿಂದ ನನ್ನ ಗೋಳು," ಎಂದ ಮೇಸ್ತ್ರಿ.

ಕಪ್ಪು ಹೋಗಿ ಬೂದು ಬಂತು, ಬೂದು ಹೋಗಿ ಕಬ್ಬಿಣ ಬೆಳ್ಳಗೆ ಮಿನುಗಿತು. ಕಾಯಿಲ್ ಕೂರಿಸಿ ಬೋಲ್ಟು ಬಿಗಿದು ಒತ್ತಿದರು. ಮೂವರೂ ಪ್ಲಗ್ಗನ್ನೇ ನೋಡಿದರು.

ಕಿಡಿ ಬರಲಿಲ್ಲ.

ಅಣ್ಣ ಇರಲಿ ಬಿಡಿ ಎನ್ನಲು ಬಾಯಿ ತೆರೆದವನು ತಂಗಿಯ ಮುಖ ನೋಡಿ ಮುಚ್ಚಿಕೊಂಡ. ಇಷ್ಟು ಚೆನ್ನಾಗಿ ಕೂತಿದ್ದ ಬಣ್ಣವನ್ನು ಸುಮ್ಮನೆ ಕೆರೆದೆನೇ ಎಂದು ಅವಳು ಉಜ್ಜುವ ಎಮೆರಿ ಕಾಗದವನ್ನು ಮುಷ್ಟಿಯಲ್ಲಿ ಹಿಚುಕಿದಳು.

ಮೇಸ್ತ್ರಿ ಮಾತ್ರ ಬಗ್ಗಿಕೊಂಡೇ ಇದ್ದ. ಆಮೇಲೆ ಹಣೆ ಚಚ್ಚಿಕೊಂಡ. ಎಂಜಿನ್‌ನಿಂದ ಚೌಕಟ್ಟಿಗೆ ಬರುವ ತಾಮ್ರದ ಹೆಣಿಗೆಪಟ್ಟಿ ಒಂದಿತ್ತು. ರಬ್ಬರಿನ ಮೇಲೆ ಕೂತ ಎಂಜಿನ್‌ಗೂ ಚೌಕಟ್ಟಿಗೂ ಅದೇ ಸೇತುವೆ. ಅದರ ಬೋಲ್ಟು ಕೂಡ ಬಣ್ಣದ ಮೇಲೆಯೇ ಕೂತಿತ್ತು. ಕಾಯಿಲಿನಿಂದ ಇಳಿದ ಕರೆಂಟು ಚೌಕಟ್ಟಿನಲ್ಲಿ ಅಲೆದು ಅಲೆದು ಮನೆ ಸೇರಲಾಗದೆ ನಿಂತಿತ್ತು. ಅಲ್ಲಿಗೂ ಒಂದು ಕತ್ತರಿ ಹಾಕಿದ. ಈ ಸಲ ಅಣ್ಣ ಸುಮ್ಮನೆ ಕೂರಲಿಲ್ಲ. ಕುಂಟುತ್ತ ಬಂದು, ಕಾಲು ಚಾಚಿ ನೆಲದ ಮೇಲೆ ಕೂತು, ಕಾಗದ ಇಲ್ಲಿ ಕೊಡು, ಉಜ್ಜೋದು ನನ್ನ ಕೆಲಸ ಎಂದ. ತಂಗಿ ಟೇಪು ಹಿಡಿದಳು, ಅಣ್ಣ ಉಜ್ಜಿದ. ಬರಿದಾದ ಕಬ್ಬಿಣ ತುಕ್ಕು ಹಿಡಿಯದಂತೆ ಬೋಲ್ಟಿನ ಸುತ್ತ ಗ್ರೀಸು ಸವರದೆ ಅವಳು ಯಾರನ್ನೂ ಏಳಲು ಬಿಡಲಿಲ್ಲ.

"ಭಾವ, ನೀವೇ ಒತ್ತಿ," ಎಂದ ಮೇಸ್ತ್ರಿ.

ಅಣ್ಣ ನೆಲದಿಂದಲೇ ಕೈ ಚಾಚಿ ಒತ್ತಿದ. ಚಟ್ ಚಟ್ ಚಟ್ ಚಟ್. ಅವನು ಬೆರಳು ತೆಗೆಯಲೇ ಇಲ್ಲ. ಬ್ಯಾಟರಿ ಇಳಿದುಹೋಗುತ್ತೆ ಎಂದು ಮೇಸ್ತ್ರಿಯೇ ಬಿಡಿಸಬೇಕಾಯಿತು. ಪ್ಲಗ್ ಮರಳಿ ಗೂಡು ಸೇರಿತು, ಕೆಂಪು ಸ್ವಿಚ್ಚಿನ ವೈರೂ ಜಾಗಕ್ಕೆ ಬಂತು. ಮತ್ತೆ ಒತ್ತಿದಾಗ ಗಾಡಿ ಒಮ್ಮೆ ಸೀನಿ, ಇನ್ನೊಮ್ಮೆ ಸೀನಿ, ಗುಡುಗುಡು ಎನ್ನುತ್ತ ನಿಂತಲ್ಲೇ ಉಸಿರಾಡತೊಡಗಿತು. ಮಕ್ಕಳು ಮೆಟ್ಟಿಲ ಮೇಲೆ ಬಂದು ಕಿವಿ ಮುಚ್ಚಿಕೊಂಡು ಕುಣಿದವು. ಸಂಜೆಯವರೆಗೆ ಅಣ್ಣ ಆ ಬೀದಿಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಿಸಿ, ಕೈಬ್ರೇಕಿಗೆ ಕೈ ಪಳಗಿಸಿಕೊಂಡ. ಬಿಸಿಲಿಗೆ ಮಲಗಿದ್ದ ನಾಯಿ ಎರಡು ಸಲ ಎದ್ದು ದಾರಿ ಬಿಟ್ಟಿತು, ಮೂರನೇ ಸಲಕ್ಕೆ ಬೇರೆ ಬೀದಿಗೆ ಹೊರಟುಹೋಯಿತು.

ಸೋಮವಾರ ಬೆಳಕು ಹರಿಯುವ ಮೊದಲೇ ಮೂವರೂ ಬೇಕರಿಯ ಹಿಂಬಾಗಿಲಲ್ಲಿದ್ದರು. ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಪೆಟ್ಟಿಗೆಯ ಬಾಗಿಲು ತೆಗೆದು ಹಾಕಿ ನೋಡಿದಳು, ಟ್ಯಾಂಕಿನಲ್ಲಿ ತನ್ನ ಮುಖ ನೋಡಿ ಹಣೆಯ ಹಿಟ್ಟು ಒರೆಸಿಕೊಂಡಳು. ಚೆನ್ನಾಗಿದೆ ಎನ್ನಲಿಲ್ಲ. ಮೊದಲು ಅಂಗಡಿಗಳು, ಆಮೇಲೆ ಆಸ್ಪತ್ರೆ, ಹಾಸ್ಟೆಲು, ದಾರಿ ಮರೆತಿಲ್ಲ ತಾನೆ ಎಂದು ಕೇಳಿ ತಟ್ಟೆಗಳನ್ನು ತುಂಬಿಸಿದಳು. ಅಣ್ಣ ಕಾಲನ್ನು ಹಲಗೆಯ ಮೇಲೆ ಚಾಚಿ, ಗುಂಡಿ ಒತ್ತಿ ಹೊರಟೇಬಿಟ್ಟ.

ಗಂಡ ಹೆಂಡತಿ ಬೇಕರಿಯ ಮೆಟ್ಟಿಲ ಮೇಲೆ ಕುಳಿತರು. ಬೇಕರಿಯಮ್ಮ ಒಲೆಯಿಂದ ತೆಗೆದ ಬ್ರೆಡ್ಡೊಂದನ್ನು ಕಾಗದದಲ್ಲಿಟ್ಟು ಕೊಟ್ಟು ಒಳಗೆ ಹೋದಳು. ಮುರಿದರೆ ಹಬೆ ಏಳುತ್ತಿತ್ತು. ತಿನ್ನುತ್ತ ಇಬ್ಬರೂ ಕಿವಿಯನ್ನು ಬೀದಿಯಲ್ಲೇ ಇಟ್ಟಿದ್ದರು. ಗುಡುಗುಡು ತಿರುವಿನವರೆಗೆ ಹೋಯಿತು, ತಿರುವು ದಾಟಿತು, ತಗ್ಗಿತು. ಇದ್ದಕ್ಕಿದ್ದಂತೆ ನಿಂತಿತು.

ಮೇಸ್ತ್ರಿಯ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ಉಳಿಯಿತು. ಅವಳು ಅವನ ತೋಳು ಹಿಡಿದುಕೊಂಡಳು. ಬೀದಿಯಲ್ಲಿ ಬೇರೆ ಸದ್ದೇ ಇಲ್ಲ. ಎದ್ದು ಓಡಬೇಕೋ ಬೇಡವೋ ಎಂದು ಇಬ್ಬರೂ ಅರ್ಧ ಎದ್ದಿದ್ದರು. ಆಗ ದೂರದಲ್ಲಿ ಯಾವುದೋ ಶಟರು ಮೇಲೆದ್ದ ಸದ್ದು, ಯಾರೋ ಅಣ್ಣನನ್ನು ಎಲ್ಲಿ ಸತ್ತಿದ್ದೆಯೋ ಇಷ್ಟು ದಿನ ಎಂದು ಪ್ರೀತಿಯಿಂದ ಬೈದದ್ದು, ಅಣ್ಣನ ನಗು, ತಟ್ಟೆ ಕೆಳಗಿಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಸೆಲ್ಫ್ ಗರ್ರೆಂದಿತು. ಒಂದೇ ಸಲಕ್ಕೆ ಗಾಡಿ ಹತ್ತಿಕೊಂಡು ಮುಂದೆ ಹೋಯಿತು.

"ಆಫ್ ಮಾಡಿ ಮಾಡಿ ಹಂಚ್ತಾನೆ," ಎಂದ ಮೇಸ್ತ್ರಿ, ಬ್ರೆಡ್ಡು ನುಂಗಿ. "ಒಳ್ಳೆ ಅಭ್ಯಾಸ."

"ಉಳಿದದ್ದು ಕಟ್ಟಿಕೊಳ್ಳಿ," ಎಂದಳು ಅವಳು, ಸೆರಗಿಗಂಟಿದ ಪುಡಿ ಕೊಡವುತ್ತ. "ಮಕ್ಕಳು ಏಳೋ ಹೊತ್ತಾಯ್ತು."